ಹಾಜರಿ ಪುಸ್ತಕ ಮತ್ತು ಸುಳ್ಳು ಆರೋಪ



ಹೋದ ಮಳೆಗಾಲದ ಒಂದು ಭಾನುವಾರ. ಪೂಜೆ ಮುಗಿಸಿ ನಾವೆಲ್ಲ ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತಿದ್ದೆವು. ನಮ್ಮ ಯುವಕೂಟದ ಒಬ್ಬ ಹುಡುಗ ಮಾತ್ರ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ. ಕೊರೋಚಿ ಕಡೆಯ ಒಂದು ಯಂತ್ರಮಗ್ಗದ ಶೆಡ್ಡಿನಲ್ಲಿ ಅವನ ಕೆಲಸ. ಅಲ್ಲಿ ನೂಲಿನ ಕೋನುಗಳು ಕಳುವಾಗಿವೆ, ನಿನ್ನ ಹೆಸರು ಹೇಳಿದ್ದಾರೆ, ಠಾಣೆಗೆ ಬಾ ಎಂದು ಫೋನು ಬಂದಿತ್ತು. ಅವನು ಕದ್ದಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಆದರೆ ನಮಗೆ ಗೊತ್ತಿದ್ದರೆ ಏನಾಯಿತು?

ಅರ್ಧ ಗಂಟೆಯಲ್ಲಿ ಹತ್ತು ಬಗೆಯ ಸಲಹೆ ಬಂದವು. "ಒಂದ್ ತಿಂಗಳು ಚಿಕ್ಕೋಡಿಗಿ ಹೋಗಿ ನಿಮ್ಮ ಸೋದರಮಾವನ ಮನ್ಯಾಗ ಇರು" ಎಂದರು ಒಬ್ಬ ಕಾಕಾ. "ಏನರ ಕೊಟ್ಟು ಮುಗಿಸಿಬಿಡ್ರಿ" ಎಂದರು ಇನ್ನೊಬ್ಬರು. "ನೀ ತಪ್ಪು ಮಾಡಿಲ್ಲಂದ್ರ ಹೆದರಿಕಿ ಯಾಕ? ಹೋಗು, ಕೇಳಿದ್ದಕ್ಕ ಉತ್ತರ ಹೇಳು, ಸಹಿ ಮಾಡಂದ್ರ ಮಾಡು, ಬಾ" ಎಂದರು ಮತ್ತೊಬ್ಬರು. ಹುಡುಗನ ಅವ್ವ ಮಾತ್ರ ಏನೂ ಹೇಳದೆ ಜಪಮಾಲೆ ಹಿಡಿದು ಕೂತಿದ್ದಳು.

ಈ ಮೂರೂ ಸಲಹೆ ತಪ್ಪು ಎಂಬುದು ನಮಗೆ ಆಮೇಲೆ ತಿಳಿಯಿತು. ಅವು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದಾಗ ಸಿಕ್ಕದ್ದು ನಮ್ಮದೇ ಸೀಮೆಯ ಚರಿತ್ರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕೊಲ್ಹಾಪುರ ಸೀಮೆಯಲ್ಲಿ 'ಹಾಜರಿ' ಎಂಬ ಮಾತಿಗೆ ಶಾಲೆಯ ಹಾಜರಿಗಿಂತ ಹಳೆಯ ಅರ್ಥವೊಂದಿತ್ತು. ಕೆಲವು ಜಾತಿಗಳ ಮಂದಿ ದಿನವೂ ಗಾಂವ್‌ಕಾಮಗಾರರ ಎದುರು ಹೋಗಿ ನಿಂತು, 'ನಾನು ಇಲ್ಲೇ ಇದ್ದೇನೆ, ಕಳ್ಳತನಕ್ಕೆ ಹೋಗಿಲ್ಲ' ಎಂದು ತೋರಿಸಬೇಕಿತ್ತು. ಕಳ್ಳತನ ಮಾಡಿದವರಿಗೆ ಮಾತ್ರವಲ್ಲ, ಆ ಜಾತಿಯಲ್ಲಿ ಹುಟ್ಟಿದ ಎಲ್ಲರಿಗೂ ಇದೇ ಕಟ್ಟಳೆ. ಊರು ಬಿಟ್ಟು ನೆಂಟರ ಮದುವೆಗೆ ಹೋಗಬೇಕಾದರೂ ಅಪ್ಪಣೆ ಬೇಕು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಈ ಅನುಮಾನಕ್ಕೆ ಶಾಸನದ ಮುದ್ರೆ ಒತ್ತಿದರು. ಮೊದಲು ಉತ್ತರ ಭಾರತದಲ್ಲಿದ್ದ ಈ ಕಾಯ್ದೆ 1911ರ ತಿದ್ದುಪಡಿಯ ನಂತರ ಮುಂಬಯಿ, ಮದ್ರಾಸ್ ಪ್ರಾಂತ್ಯಗಳಿಗೂ ಬಂತು. ಹೆಸರು ನೋಂದಣಿ, ಬೆರಳಚ್ಚು, ಹಾಜರಿ, ಪಾಸು, ಇವೆಲ್ಲ ಅದರ ಅಂಗಗಳು. ಯಾವ ಮನೆಯಲ್ಲಿ ಕಳುವಾದರೂ ಪೊಲೀಸರು ಮೊದಲು ಹೋಗುವ ಮನೆ ಯಾವುದೆಂದು ಮೊದಲೇ ಗೊತ್ತಾಗಿರುತ್ತಿತ್ತು. ತನಿಖೆ ಎಂಬುದು ಆರಂಭವಾಗುವ ಮೊದಲೇ ಮುಗಿದಿರುತ್ತಿತ್ತು ಎನ್ನಬೇಕು.

ಈ ಪಟ್ಟಿಗಳಲ್ಲಿ ನಮ್ಮ ಭಾಷೆಯ ನೆರೆಹೊರೆಯವರು ಬಹಳ. ಗಡಹಿಂಗ್ಲಜ, ಬೆಳಗಾವಿ ಕಡೆಯ ಬೇರಡರು, ಅಂದರೆ ಬೇಡರು, ಮನೆಯಲ್ಲಿ ಕನ್ನಡ ಆಡುವವರು. ಕೈಕಾಡಿ, ಕೊರವರು ಊರೂರು ತಿರುಗಿ ಬುಟ್ಟಿ ಹೆಣೆದು ಬದುಕಿದವರು. ಮುಂಬಯಿ ಸರ್ಕಾರ ವಿಜಯಪುರ, ಹುಬ್ಬಳ್ಳಿ, ಗದಗ, ಬಾಗಲಕೋಟೆ, ಗೋಕಾಕ ಫಾಲ್ಸ್, ಸೊಲ್ಲಾಪುರಗಳಲ್ಲಿ ಇಂಥವರಿಗಾಗಿ ವಸಾಹತುಗಳನ್ನು ಮಾಡಿತು. ಹಲವು ಕಡೆ ಸುತ್ತ ತಂತಿ ಬೇಲಿ, ಒಳಗಿನವರಿಗೆ ಗಿರಣಿ ಕೆಲಸ. ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಇವತ್ತಿಗೂ 'ಸೆಟ್ಲಮೆಂಟ್' ಎಂದರೆ ಜನ ಬೆರಳು ತೋರಿಸುವ ಓಣಿಗಳಿವೆ.

ಇಲ್ಲಿ ನಮ್ಮದೇ ಮನೆಯ ಮಾತೊಂದನ್ನು ಮುಚ್ಚಿಡದೆ ಹೇಳಬೇಕು. ಇಂಥ ವಸಾಹತುಗಳಲ್ಲಿ ಕೆಲವನ್ನು ನಡೆಸಿದವರು ಕ್ರೈಸ್ತ ಸಂಸ್ಥೆಗಳು. ಸಾಲ್ವೇಶನ್ ಆರ್ಮಿಯವರು 1913ರಲ್ಲಿ ಆಂಧ್ರದ ಸ್ಟುವರ್ಟ್‌ಪುರಂನಲ್ಲಿ ಎರುಕಲರಿಗಾಗಿ, ಅಂದರೆ ನಮ್ಮ ಕೊರವರ ಬಳಗದವರಿಗಾಗಿ, ನಡೆಸಿದ ವಸಾಹತು ಇವುಗಳಲ್ಲಿ ಹೆಸರಾದದ್ದು. ಶಾಲೆ ಕೊಟ್ಟರು, ಔಷಧಿ ಕೊಟ್ಟರು, ನಿಜ. ಆದರೆ ಕೋರ್ಟಿನಲ್ಲಿ ಯಾವ ಅಪರಾಧವೂ ರುಜುವಾಗದ ಮಂದಿಯ ಹಾಜರಿ ತೆಗೆದುಕೊಂಡವರಲ್ಲಿ ಶಿಲುಬೆ ಧರಿಸಿದವರೂ ಇದ್ದರು. ಉಪಕಾರದ ಮಾತನ್ನಷ್ಟೇ ಹೇಳಿ ಇದನ್ನು ಬಿಟ್ಟರೆ ಅರ್ಧ ಚರಿತ್ರೆ ಹೇಳಿದಂತೆ.

ಕೊಲ್ಹಾಪುರದಲ್ಲಿ ಮಾತ್ರ ಬೇರೊಂದು ಗಾಳಿ ಬೀಸಿತು. ಛತ್ರಪತಿ ಶಾಹೂ ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಮಹಾರ, ಮಾಂಗ, ರಾಮೋಶಿ, ಬೇರಡ ಜನರ ಹಾಜರಿಯನ್ನು ನಿಲ್ಲಿಸಿದರು. ಬೇಟೆಯಾಡಿ ಬದುಕುತ್ತಿದ್ದ ಫಾಸೆಪಾರಧಿಗಳನ್ನು ಊರವರು ಕಳ್ಳರೆಂದು ಓಡಿಸುತ್ತಿದ್ದಾಗ ಮಹಾರಾಜರು ಅವರಿಗೆ ನೆಲೆ, ನೌಕರಿ ಕೊಟ್ಟರು. ಪ್ರಾಂತ್ಯದ ಮಂದಿ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಮುಂಬಯಿ ಪ್ರಾಂತ್ಯ 1949ರಲ್ಲಿ ಕಾಯ್ದೆ ತೆಗೆಯಿತು, ಇಡೀ ದೇಶದಲ್ಲಿ ಅದು ಹೋದದ್ದು 1952ರ ಆಗಸ್ಟ್ 31ರಂದು. ಆ ದಿನವನ್ನು ಈಗಲೂ ವಿಮುಕ್ತ ದಿನ ಎಂದು ಆಚರಿಸುತ್ತಾರೆ.

ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ. ಬೆಳಗಾವಿ ಬಳಿಯ ಯಮುನಾಪುರದ ಭೀಮರಾವ್ ಗಸ್ತಿ ಅವರು ಮರಾಠಿಯಲ್ಲಿ ಬರೆದ 'ಬೇರಡ' ಎಂಬ ಆತ್ಮಕಥೆ ಓದಿದರೆ ಸ್ವಾತಂತ್ರ್ಯ ಬಂದ ಮೇಲೂ ಪೊಲೀಸರ ವ್ಯಾನು ಯಾವ ಕೇರಿಗೆ ಬರುತ್ತಿತ್ತು ಎಂಬುದು ತಿಳಿಯುತ್ತದೆ. ಕಲಿತು ದೊಡ್ಡ ನೌಕರಿ ಹಿಡಿಯಬಹುದಾಗಿದ್ದ ಗಸ್ತಿಯವರು ತಮ್ಮ ಜನರಿಗಾಗಿ, ದೇವದಾಸಿಯರಿಗಾಗಿ ಗಡಿಯ ಎರಡೂ ಕಡೆ ದುಡಿದು 2017ರಲ್ಲಿ ತೀರಿಕೊಂಡರು. ಮರಾಠಿ ಬಲ್ಲವರು ಆ ಪುಸ್ತಕವನ್ನು ಒಮ್ಮೆಯಾದರೂ ಓದಬೇಕು.

ಹಾಗಾದರೆ ಅಂಗಳದಲ್ಲಿ ಕೇಳಿದ ಮೂರು ಸಲಹೆ ಎಲ್ಲಿಂದ ಬಂದವು? ಠಾಣೆ ಎಂದರೆ ಓಡು, ಇಲ್ಲವೇ ಕೊಟ್ಟು ಮುಗಿಸು, ಇಲ್ಲವೇ ಹೇಳಿದ್ದಕ್ಕೆ ತಲೆಯಾಡಿಸು. ಹಾಜರಿಯ ಕಾಲದಲ್ಲಿ ಬದುಕಿದ ಅಜ್ಜ ಮುತ್ತಜ್ಜರಿಗೆ ಇದ್ದ ದಾರಿಗಳು ಇವೇ ಮೂರು. 'ಗೆದ್ದವ ಸೋತ, ಸೋತವ ಸತ್ತ' ಎಂಬ ಕೋರ್ಟಿನ ಗಾದೆಯೂ ಅದೇ ಹೆದರಿಕೆಯ ಮಗು ಎಂದು ನಮಗೆ ಅನಿಸುತ್ತದೆ.

ಹೆದರಿಕೆ ಸುಳ್ಳಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಹೊಸ ಸಾಕ್ಷಿಯಿದೆ. 2003ರ ಜೂನ್ 5ರ ರಾತ್ರಿ ಜಾಲನಾ ಜಿಲ್ಲೆಯ ಭೋಕರದನ್ ಬಳಿ ಹೊಲದ ಗುಡಿಸಲಿನಲ್ಲಿದ್ದ ಒಂದು ಕುಟುಂಬದ ಮೇಲೆ ದರೋಡೆಕೋರರು ಬಿದ್ದರು. ಅತ್ಯಾಚಾರ, ಕೊಲೆ ನಡೆದವು. ಬದುಕುಳಿದ ತಾಯಿ ಪೊಲೀಸರ ಫೋಟೋ ಆಲ್ಬಮ್ ನೋಡಿ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ವಿಚಾರಣೆ ಮುಂದುವರಿಯಲೇ ಇಲ್ಲ. ಬದಲಿಗೆ ಅಲೆಮಾರಿ ಬುಡಕಟ್ಟಿನ ಆರು ಜನ ಬಡ ಕೂಲಿಕಾರರನ್ನು ಹಿಡಿದು ತಂದರು. 2006ರಲ್ಲಿ ಆರೂ ಮಂದಿಗೆ ಗಲ್ಲು. ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆರೂ ಮಂದಿಗೆ ಗಲ್ಲು ಎಂದಿತು. ಅವರಲ್ಲೊಬ್ಬ ಘಟನೆ ನಡೆದಾಗ ಬಾಲಕನಾಗಿದ್ದ ಎಂಬುದೂ ಆಮೇಲೆ ಬಯಲಾಯಿತು.

ಕೊನೆಗೆ ಅದೇ ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನು ತಾನೇ ಹಿಂದೆ ಪಡೆದು, ಪ್ರಕರಣವನ್ನು ಹೊಸದಾಗಿ ಕೇಳಿ, 2019ರ ಮಾರ್ಚ್ 5ರಂದು ಆರೂ ಮಂದಿಯನ್ನು ಬಿಡುಗಡೆ ಮಾಡಿತು. ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ಎಸ್. ಅಬ್ದುಲ್ ನಜೀರ್, ಎಂ.ಆರ್. ಶಾ ಅವರ ಪೀಠ ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದೂ, ತಪ್ಪು ತನಿಖೆ ಮಾಡಿದ ಅಧಿಕಾರಿಗಳ ಮೇಲೆ ಕ್ರಮ ಆಗಬೇಕೆಂದೂ ಹೇಳಿತು. ಹದಿನಾರು ವರ್ಷ ಹೋಗಿತ್ತು. ಐದು ಲಕ್ಷವನ್ನು ಹದಿನಾರರಿಂದ ಭಾಗಿಸಿ ನೋಡಿ. ಆ ಗುಡಿಸಲಿನ ತಾಯಿಗೆ ಸಿಗಬೇಕಾದ ನ್ಯಾಯವೂ ಇದೇ ತನಿಖೆಯಲ್ಲಿ ಕಳೆದುಹೋಯಿತು ಎಂಬುದನ್ನು ನಾವು ಮರೆಯಬಾರದು. ಸುಳ್ಳು ಆರೋಪಿ ಒಳಗಿದ್ದಾನೆ ಎಂದರೆ ನಿಜವಾದವನು ಹೊರಗಿದ್ದಾನೆ ಎಂದೇ ಅರ್ಥ.

ಈಗ ಇನ್ನೊಂದು ಪ್ರಕರಣ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಆರೋಪ ಬಂದ ಮೊದಲ ದಿನಗಳಲ್ಲಿ ಏನು ಮಾಡಬೇಕು ಎಂಬುದು ಇದರಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿದ ಡಾ. ಮೊಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿತು. ಆ ಸಂಚಿನಲ್ಲಿ ಹೆಸರು ಬಂದವರು ಹನೀಫರಿಗೆ ದೂರದ ಸಂಬಂಧದ ಅಣ್ಣತಮ್ಮಂದಿರು. ಹನೀಫ್ ಒಂದು ವರ್ಷದ ಹಿಂದೆ ಬ್ರಿಟನ್ ಬಿಡುವಾಗ ತಮ್ಮ ಫೋನಿನ ಸಿಮ್ ಕಾರ್ಡನ್ನು, ಅದರಲ್ಲಿ ಇನ್ನೂ ಉಚಿತ ಮಾತಿನ ನಿಮಿಷಗಳು ಉಳಿದಿವೆ ಎಂದು, ಅವರಲ್ಲೊಬ್ಬರಿಗೆ ಬಿಟ್ಟುಬಂದಿದ್ದರು. ನಮ್ಮಲ್ಲಿ ಯಾರು ಹಾಗೆ ಮಾಡಿಲ್ಲ? ಜುಲೈ 2ರ ರಾತ್ರಿ ಬೆಂಗಳೂರಿಗೆ ಹೊರಟಿದ್ದ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಕೈಯಲ್ಲಿ ಹೋಗುವ ಟಿಕೆಟ್ ಮಾತ್ರ ಇತ್ತು, ಬರುವ ಟಿಕೆಟ್ ಇರಲಿಲ್ಲ. ಹೊರಗೆ ನಿಂತವರ ಕಣ್ಣಿಗೆ ಇಷ್ಟೇ ಸಾಕಾಯಿತು.

ಹನೀಫ್ ಮೊದಲ ವಿಚಾರಣೆಯಲ್ಲಿ ವಕೀಲರಿಲ್ಲದೆ ಗಂಟೆಗಟ್ಟಲೆ ಉತ್ತರ ಹೇಳಿದರು. ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿ ಕೆಲವೇ ದಿನಗಳಾಗಿದ್ದವು, ಕೂಸಿಗೆ ಆರಾಮಿರಲಿಲ್ಲ, ಮಾವ ಟಿಕೆಟ್ ತೆಗೆಸಿದ್ದರು, ಇದನ್ನೆಲ್ಲ ಬಿಡಿಸಿ ಹೇಳಿದರು. ತಮ್ಮ ಸಿಮ್ ವಿಷಯ ಕಿವಿಗೆ ಬಿದ್ದ ಕೂಡಲೇ ಬ್ರಿಟಿಷ್ ಪೊಲೀಸ್ ಅಧಿಕಾರಿಗೆ ತಾವೇ ಫೋನು ಹಚ್ಚಲು ಮತ್ತೆ ಮತ್ತೆ ಪ್ರಯತ್ನಿಸಿದ್ದನ್ನೂ ಹೇಳಿದರು. ಆದರೂ ಕೋರ್ಟಿಗೆ ಕೊಟ್ಟ ಕಾಗದದಲ್ಲಿ, ಒಂದೇ ಕಡೆಯ ಟಿಕೆಟ್ಟಿಗೆ ಇವರ ಬಳಿ ವಿವರಣೆ ಇರಲಿಲ್ಲ ಎಂಬಂತೆ ಬರೆಯಲಾಯಿತು. ಸಿಮ್ ಸಿಕ್ಕದ್ದು ಗ್ಲಾಸ್ಗೋದ ಸುಟ್ಟ ಜೀಪಿನಲ್ಲಿ ಎಂದು ಕೋರ್ಟಿನಲ್ಲಿ ಹೇಳಲಾಯಿತು. ಅದು ನಿಜವಾಗಿ ಸಿಕ್ಕದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ.

ಹನ್ನೆರಡು ದಿನ ಆರೋಪವೇ ಇಲ್ಲದೆ ಒಳಗಿಟ್ಟು, ಜುಲೈ 14ರಂದು ಆರೋಪ ಹೊರಿಸಿದರು. 16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇನ್ ಜಾಮೀನು ಕೊಟ್ಟರು. ಅದೇ ದಿನ ವಲಸೆ ಮಂತ್ರಿ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದು ಮಾಡಿದರು, ಅಂದರೆ ಜಾಮೀನು ಸಿಕ್ಕರೂ ಹೊರಗೆ ಬರುವಂತಿಲ್ಲ.

ಇಲ್ಲಿ ಇಬ್ಬರು ವಕೀಲರ ಕೆಲಸ ನೋಡಬೇಕು. ಪೀಟರ್ ರುಸ್ಸೊ ಎರಡನೆಯ ವಿಚಾರಣೆಯ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತರು. ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಮೊದಲ ವಿಚಾರಣೆಯ 142 ಪುಟಗಳ ಅಕ್ಷರಶಃ ದಾಖಲೆಯನ್ನು ಒಂದು ಪತ್ರಿಕೆಗೆ ಕೊಟ್ಟರು. ಅದು ಸರಿಯೋ ತಪ್ಪೋ ಎಂಬ ದೊಡ್ಡ ಗಲಾಟೆಯಾಯಿತು, ಅವರ ಮೇಲೆಯೇ ದೂರು ಹೋಯಿತು, ದೂರು ನಿಲ್ಲಲಿಲ್ಲ. ದಾಖಲೆಯಲ್ಲಿ ಹನೀಫ್ ಹೇಳಿದ್ದಕ್ಕೂ ಕೋರ್ಟಿಗೆ ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲ ಎಂಬುದನ್ನು ಇಡೀ ದೇಶ ಓದಿತು. ಜುಲೈ 27ರಂದು ಆರೋಪ ವಾಪಸಾಯಿತು. ಹನೀಫ್ ಬೆಂಗಳೂರಿಗೆ ಬಂದು ಮಗಳ ಮುಖ ನೋಡಿದರು. ವೀಸಾ ರದ್ದತಿಯನ್ನೂ ನ್ಯಾಯಾಲಯ ತಳ್ಳಿಹಾಕಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ 2008ರ ಡಿಸೆಂಬರಿನಲ್ಲಿ ಹೊರಬಂದು, ಆ ಆರೋಪ ಹೊರಿಸಲು ಸಾಕಷ್ಟು ಆಧಾರವೇ ಇರಲಿಲ್ಲ ಎಂದಿತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು.

ಹನೀಫರನ್ನು ಕಾಪಾಡಿದ್ದು ಏನು? ಸತ್ಯ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಸತ್ಯವನ್ನು ಅವರು ಮೊದಲ ದಿನವೇ ಹೇಳಿದ್ದರು, ಅದಕ್ಕೆ ಬೆಲೆ ಬಂದಿರಲಿಲ್ಲ. ಆ ಸತ್ಯ ಪುಟ ಪುಟವಾಗಿ ದಾಖಲಾಗಿತ್ತು, ಅದನ್ನು ಹಿಡಿದು ನಿಲ್ಲುವವರು ಇಬ್ಬರಿದ್ದರು. ಭೋಕರದನ್ನಿನ ಆರು ಮಂದಿಗೆ ಮೊದಲ ವಾರದಲ್ಲಿ ಹಾಗೆ ನಿಲ್ಲುವವರು ಯಾರಿದ್ದರು?

ನಮ್ಮ ಕೂಟದಲ್ಲಿ ಯೇಸು ಪಿಲಾತನ ಮುಂದೆ ಮೌನವಾಗಿದ್ದರಲ್ಲ, ನಾವೂ ಸುಮ್ಮನೆ ಸಹಿಸಬೇಕಲ್ಲವೇ ಎಂದು ಒಬ್ಬಳು ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಮಹಾಯಾಜಕನ ಎದುರು ಕಾವಲುಗಾರ ಕೆನ್ನೆಗೆ ಹೊಡೆದಾಗ ಅದೇ ಯೇಸು, ನಾನು ತಪ್ಪಾಗಿ ಮಾತಾಡಿದ್ದರೆ ತೋರಿಸಿಕೊಡು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದರಲ್ಲ. ಪೌಲನಂತೂ ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿದ ಅಧಿಕಾರಿಗಳು ಗುಟ್ಟಾಗಿ ಹೊರಗೆ ಕಳಿಸಲು ನೋಡಿದಾಗ, ನಾನು ರೋಮಿನ ಪ್ರಜೆ, ಅವರೇ ಬಂದು ಕರೆದೊಯ್ಯಲಿ ಎಂದು ಹಟ ಹಿಡಿದ. ಆಮೇಲೆ ಚಕ್ರವರ್ತಿಗೇ ಮೇಲ್ಮನವಿ ಹಾಕಿದ. ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ (ಪ್ರೊಟೆಸ್ಟೆಂಟ್ ಸ್ನೇಹಿತರ ಬೈಬಲಿನಲ್ಲಿ ಈ ಅಧ್ಯಾಯ ಹುಡುಕಬೇಡಿ, ಸಿಗುವುದಿಲ್ಲ) ಸುಸನ್ನಳ ಮೇಲೆ ಸುಳ್ಳು ಹೊರಿಸಿದ ಇಬ್ಬರು ಹಿರಿಯರನ್ನು ಬಾಲಕ ದಾನಿಯೇಲ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಇಂದಿನ ವಕೀಲರು ಪಾಟೀಸವಾಲು ಎನ್ನುವುದು ಇದಕ್ಕೇ. ದೇವರಲ್ಲಿ ಮೊರೆಯಿಟ್ಟವಳು ಸುಸನ್ನ, ಪ್ರಶ್ನೆ ಕೇಳಲು ಎದ್ದವನು ದಾನಿಯೇಲ, ಎರಡೂ ಬೇಕಾಯಿತು.

ನಮ್ಮ ಅಜ್ಜಂದಿರಿಗೆ ಇಲ್ಲದ ನಾಲ್ಕನೆಯ ದಾರಿ ನಮಗಿದೆ. ಸಂವಿಧಾನದ 20ನೇ ವಿಧಿಯ ಪ್ರಕಾರ ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸುವಂತಿಲ್ಲ. 22ನೇ ವಿಧಿಯ ಪ್ರಕಾರ ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಬಂಧನದ ಪತ್ರ, ಮನೆಯವರಿಗೆ ಸುದ್ದಿ, ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಿತು. ಇವು ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೊಳಗೇ ಇವೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ಬಂಧಿಸುವ ಅಗತ್ಯವಿಲ್ಲದಿದ್ದಾಗ, ಪೊಲೀಸರು 35ನೇ ಕಲಮಿನಂತೆ ಹಾಜರಾಗಲು ಲಿಖಿತ ನೋಟಿಸು ಕೊಡಬೇಕು. ನೋಟಿಸು ಬಂದರೆ ಹೋಗಲೇಬೇಕು. ಹೋದವನನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ, ಹೋಗದವನು ತಾನೇ ಬಂಧನಕ್ಕೆ ಕಾರಣ ಕೊಟ್ಟಂತೆ. ಚಿಕ್ಕೋಡಿಯ ಸಲಹೆ ಕೆಟ್ಟದ್ದು ಎನ್ನುವುದು ಇದಕ್ಕೇ.

ಸಹಿಯ ಸಲಹೆ ಅದಕ್ಕಿಂತ ಕೆಟ್ಟದ್ದು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನ ಸಹಿ ಬೇಕಿಲ್ಲ ಎಂದು ಕಾನೂನೇ ಹೇಳುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಪುರಾವೆಯಾಗುವುದಿಲ್ಲ. ಆದರೂ ಖಾಲಿ ಹಾಳೆಗೆ, ಓದಲಾಗದ ಹಾಳೆಗೆ ಸಹಿ ಹಾಕಿ ಬಂದವರು ನಮ್ಮ ನಡುವೆ ಎಷ್ಟಿಲ್ಲ! ನಮ್ಮ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ಮರಾಠಿ. ಪೇಟೆಯ ಮರಾಠಿ ಎಲ್ಲರಿಗೂ ಬರುತ್ತದೆ, ಪಂಚನಾಮೆಯ ಮರಾಠಿ ಮರಾಠಿಗರಿಗೂ ಕಷ್ಟ. ಹರಿಕಿಶನ್ ಎಂಬುವರು ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ, ಒಳಗಿಟ್ಟವನಿಗೆ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದಿತು. 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಬಂಧನದ ಕಾರಣಗಳಿಗೂ ಇದೇ ಮಾತನ್ನು ಗಟ್ಟಿಯಾಗಿ ಹೇಳಿತು. 'ಸಾಹೇಬರ, ನನಗ ಇದು ತಿಳೀಲಿಲ್ಲ, ಓದಿ ಹೇಳ್ರಿ' ಎನ್ನುವುದು ಉದ್ಧಟತನವಲ್ಲ.

ವಕೀಲರಿಗೆ ದುಡ್ಡೆಲ್ಲಿಂದ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಉಳಿದ ಬಡವರಿಗೂ ದಾರಿಯಿದೆ. 15100 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಹೈಕೋರ್ಟಿಗೆ ಮುಂಬಯಿಗೇ ಹೋಗಬೇಕಿದ್ದ ಕಾಲವೂ ಮುಗಿಯಿತು, 2025ರ ಆಗಸ್ಟಿನಿಂದ ಕೊಲ್ಹಾಪುರದಲ್ಲೇ ಸರ್ಕಿಟ್ ಪೀಠ ಕೂರುತ್ತಿದೆ.

ನಮ್ಮ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟಿದ್ದೆವು. ಗುರುಗಳು ಪರಿಚಯದ ಒಬ್ಬ ವಕೀಲರಿಗೆ ಫೋನು ಮಾಡಿಕೊಟ್ಟರು. ಅವರು ಮೊದಲು ಹೇಳಿದ್ದು, ದೂರು ಕೊಟ್ಟವರ ಮನೆಗೆ ಹೋಗಿ ಜಗಳ ತೆಗೆಯಬೇಡ, ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಬೇಡ, ಫೋನಿನಿಂದ ಒಂದು ಮೆಸೇಜೂ ಅಳಿಸಬೇಡ ಎಂದು. ಆಮೇಲೆ, ಆ ರಾತ್ರಿ ಎಲ್ಲಿದ್ದೆ, ಯಾರು ನೋಡಿದ್ದಾರೆ, ಯಾವ ಕಾಗದದಲ್ಲಿ ಅದು ಇದೆ ಎಂದು ಕೇಳಿದರು. ಹುಡುಗ ಅಂದು ಬೇರೊಂದು ಶೆಡ್ಡಿನಲ್ಲಿ ಬದಲಿ ರಾತ್ರಿಪಾಳಿ ಮಾಡಿದ್ದ. ನೋಟಿಸು ಪಡೆದು, ವಕೀಲರನ್ನೂ ಮಾಮಾನನ್ನೂ ಕರೆದುಕೊಂಡು ಠಾಣೆಗೆ ಹೋದ. ಕೇಳಿದ್ದಕ್ಕೆ ಅಷ್ಟಕ್ಕಷ್ಟೇ ಉತ್ತರ ಹೇಳಿದ. ಅಲ್ಲಿನ ಅಧಿಕಾರಿ ಸಭ್ಯರಾಗಿದ್ದರು ಎಂಬುದನ್ನೂ ಹೇಳಬೇಕು. ಇವನು ಕೊಟ್ಟ ಕಾಗದವನ್ನು ಸ್ವೀಕರಿಸಿ ಪೋಚ್ ಕೊಟ್ಟರು. ಎರಡು ತಿಂಗಳ ಮೇಲೆ ಗೋದಾಮಿನ ಲೆಕ್ಕದಲ್ಲೇ ತಪ್ಪಿತ್ತು ಎಂದು ಗೊತ್ತಾಯಿತು. ಆ ಎರಡು ತಿಂಗಳು ಅವನ ಅವ್ವ ಸರಿಯಾಗಿ ಊಟ ಮಾಡಿರಲಿಲ್ಲ, ಓಣಿಯಲ್ಲಿ ಇಬ್ಬರು ಮೂವರು ಇನ್ನೂ ಅವನನ್ನು ಓರೆಗಣ್ಣಿನಿಂದ ನೋಡುತ್ತಾರೆ.

ಅವನು ಠಾಣೆಗೆ ಕೊಟ್ಟ ಕಾಗದ ಯಾವುದು ಗೊತ್ತೇ? ಆ ಎರಡನೆಯ ಶೆಡ್ಡಿನ ಹಾಜರಿ ಪುಸ್ತಕದ ಒಂದು ಪುಟದ ಝೆರಾಕ್ಸ್, ಕೆಳಗೆ ಜಾಬರ್ ಸಹಿ. ಅದರ ಫೋಟೋ ಈಗಲೂ ಅವನ ಫೋನಿನಲ್ಲಿದೆ.